ಕಣಗಿಲೆ ಎಂಬ ಹೆಸರಿನಲ್ಲಿ

ಅಕ್ಕ ಆಶ್ರಮ ಬಿಟ್ಟು ಹೋದ ಮೇಲೆ ಅಮ್ಮನನ್ನು ಪ್ರಾರ್ಥನಾ ಮಂದಿರದಲ್ಲಿ ಚಪ್ಪಲಿ ಬಿಡುವ ಕಡೆ ಕೂರಿಸತೊಡಗಿದರು. ಅಮ್ಮನ ಜೊತೆ ಅಲ್ಲೇ ಉಳಿದಿದ್ದ ಕಿರಿಯ ಮಗಳು ಲಹರಿಗೆ ಅಳು ಬರಲಿಲ್ಲ; ಒಳಗೆ ಏನೋ ಮರಗಟ್ಟಿತ್ತು, ಅಷ್ಟೆ.

ಆಶ್ರಮದ ವ್ಯವಹಾರ ನೋಡಿಕೊಳ್ಳುವ ಯೋಗೇಂದ್ರ ಒಂದು ದಾರಿ ತೋರಿಸಿದರು. “ಬಿಟ್ಟೋದೋರೆಲ್ಲ ಫೋನಲ್ಲೇ ಒಂದು ಗುಂಪು ಕಟ್ಕೊಂಡವ್ರೆ ಕಣಮ್ಮ. ಗುರುಗಳ ಮೇಲಿನ ಕೇಸಲ್ಲಿ ಸಾಕ್ಷಿ ಹೇಳೋಕೆ ಹೊರಟಿರೋಳು ಅಲ್ಲೇ ಅವ್ಳೆ. ನಿಮ್ಮಕ್ಕ ಅಲ್ಲ ಬುಡು, ಬೇರೆ ಹುಡುಗಿ. ಎಲ್ಲಿದ್ದಾಳೆ ಅಂತ ತಿಳಿಸಿದ್ರೆ ಸಾಕು, ನಿಮ್ಮಮ್ಮ ಮತ್ತೆ ಮುಂದಿನ ಸಾಲು.”

ಗುಂಪಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಮುಖವಿಲ್ಲ; ಎಲ್ಲರೂ ಗಿಡಮರಗಳ ಹೆಸರಿನವರು. ತಾನೂ ಆಶ್ರಮ ಬಿಟ್ಟವಳೆಂದು ಹೇಳಿಕೊಂಡು ಲಹರಿ ಕಣಗಿಲೆಯಾದಳು. ಅವಸರ ಮಾಡಲಿಲ್ಲ. ಅಕ್ಕ ಹೋಗುವ ಮುನ್ನ ಹೇಳಿಕೊಂಡಿದ್ದನ್ನೇ ತನ್ನದೆಂಬಂತೆ ಚೂರುಚೂರಾಗಿ ಬರೆದಳು. ಯಾರ ಊರನ್ನೂ ಕೇಳಲಿಲ್ಲ. ಕೇಳದವರಿಗೇ ಜನ ಹೇಳಿಕೊಳ್ಳುವುದು. ‘ಇನ್ನೂ ಗುರುಗಳ ಕನಸು ಬೀಳುತ್ತೆ’ ಎಂದು ಒಬ್ಬಳು ಬರೆದಾಗ ‘ನನಗೂ’ ಎಂದಷ್ಟೇ ಹಾಕಿದಳು. ಅದು ಸುಳ್ಳೂ ಆಗಿರಲಿಲ್ಲ.

ಗುಂಪು ನಡೆಸುವವಳ ಹೆಸರು ಬೇವು. ತಿಂಗಳುಗಳು ಕಳೆದ ಮೇಲೆ ಅವಳೇ ಬರೆದಳು: “ಒಬ್ಬಳೇ ಎಷ್ಟು ದಿನ ಅಂತ ನವೀತೀಯ? ಸಾಕ್ಷಿ ಹೇಳೋ ಹುಡುಗಿ ನಿನ್ನ ನೋಡ್ಬೇಕಂತಾಳೆ. ಶನಿವಾರ ಸಂಜೆ ಬಂದ್ಬುಡು.” ಕೆಳಗೆ ಯಾದವಗಿರಿ ಬಡಾವಣೆಯ ಒಂದು ಮನೆಯ ವಿಳಾಸ.

ಲಹರಿ ಅದನ್ನು ಯೋಗೇಂದ್ರರಿಗೆ ದಾಟಿಸಿದಳು. ಗುಂಪು ಬಿಡಲಿಲ್ಲ, ಬಿಟ್ಟರೆ ಅನುಮಾನ. ಶನಿವಾರ ಬೇವಿಗೆ ‘ಜ್ವರ, ಬರೋಕಾಗಲ್ಲ’ ಎಂದು ಬರೆದು, ಅಮ್ಮನ ಜೊತೆ ಕೂತು ಅವರೆಕಾಯಿ ಸುಲಿದಳು.

ಫೋನು ಬಂದದ್ದು ಯೋಗೇಂದ್ರರ ಹೆಂಡತಿಯದು. “ಅಲ್ಲಿ ಪೊಲೀಸ್ರು ಕೂತಿದ್ರಂತೆ ಕಣೆ. ಯಾವ ಹುಡುಗೀನೂ ಇರ್ಲಿಲ್ವಂತೆ. ಇವರನ್ನ, ಜೊತೇಲಿ ಹೋದೋರನ್ನ ಎಲ್ಲಾ ಕರ್ಕೊಂಡೋದ್ರು. ವಿಳಾಸ ಕೊಟ್ಟೋಳು ನೀನು ಅಂತ ಇವರು ಹೇಳ್ಬುಟ್ಟವ್ರೆ.”

ಹಿಂದೆಯೇ ಬೇವಿನ ಸಂದೇಶ: “ಆ ವಿಳಾಸ ನಿನಗೊಬ್ಬಳಿಗೇ ಕೊಟ್ಟಿದ್ದು ಕಣಮ್ಮ. ಅಮಾವಾಸ್ಯೆ ದಿನ ಆಶ್ರಮದಲ್ಲಿ ಹೊತ್ತು ಮುಳುಗೋವರೆಗೂ ಮೌನ, ಫೋನೂ ಮುಟ್ಟಂಗಿಲ್ಲ. ಅದಕ್ಕೇ ಬಿಟ್ಟು ಬಂದೋರೆಲ್ಲ ಅವತ್ತು ಬೇಕಂತ್ಲೇ ದಿನವಿಡೀ ಹರಟೋದು. ನೀನೊಬ್ಬಳು ಮಾತ್ರ ಪ್ರತಿ ಅಮಾವಾಸ್ಯೆ ಕತ್ತಲಾದ ಮೇಲೇ ಬರ್ತಿದ್ದೆ. ನೀನಿನ್ನೂ ಅಲ್ಲೇ ಇದ್ದೀಯ ಅಂತ ಅದ್ರಲ್ಲೇ ಗೊತ್ತಾಯ್ತು.” ಆ ಸಂಜೆಗಳಲ್ಲಿ ರಾಶಿ ಬಿದ್ದಿರುತ್ತಿದ್ದ ಮಾತುಗಳನ್ನು ಲಹರಿ ಸುಳಿವಿಗಾಗಿ ಜಾಲಾಡಿದ್ದಳು, ಯಾವ ದಿನದ ಮಾತು ಎಂದು ನೋಡಿರಲಿಲ್ಲ. ಅಷ್ಟು ರೂಢಿಯಾಗಿತ್ತು; ತಾನು ಮೌನ ಹಿಡಿಯುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಾಗಿರಲಿಲ್ಲ.