ದೊರೆಯ ಪೊರೆ

“ಅದರ ಕೈಯೇ ವಿಷ, ಡಾಕ್ಟರಮ್ಮ. ಅದನ್ನ ನನ್ನ ಕಣ್ಣೆದುರಿಂದ ಆಚೆ ಕಳಿಸಿಬಿಡಿ, ಸಾಕು.”

ಹಾಗಂದವರು ಗಡಿಯಾರ ರಿಪೇರಿಯ ಯಜಮಾನರು. ‘ಅದು’ ಅಂದದ್ದು ಗಾಜಿನ ಪೆಟ್ಟಿಗೆಯಲ್ಲಿ ಕಾಲು ಮುದುರಿ ಸತ್ತುಬಿದ್ದಿದ್ದ ಅಂಗೈಯಗಲದ ಜೇಡಕ್ಕಲ್ಲ. ಬಾಗಿಲ ಪಕ್ಕ ತಗಡಿನ ಟ್ರಂಕಿನ ಮೇಲೆ ಕೂತಿದ್ದ ಸ್ವಂತ ಅಕ್ಕನಿಗೆ. ಜೇಡ ಅವರ ಬಾಯಲ್ಲಿ ‘ಅವನು’.

ಪಶುವೈದ್ಯೆ ಡಾಕ್ಟರಮ್ಮ ಇದನ್ನು ಗಮನಿಸಿದರು.

ಜೇಡ ಯಜಮಾನರ ಮಗಳದು. ಟ್ಯಾರಂಟುಲಾ ಜಾತಿಯದು. ಮೆಣಸಿನ ಕಾಳಿನಷ್ಟಿದ್ದಾಗ ತಂದು, ದೊರೆ ಅಂತ ಹೆಸರಿಟ್ಟು, ಹನ್ನೊಂದು ವರ್ಷ ಸಾಕಿದ್ದಳು. ಯಜಮಾನರೇ ಹಿತ್ತಾಳೆ ತಗಡಿನ ಮೇಲೆ ಆ ಎರಡಕ್ಷರ ಕೆತ್ತಿ ಪೆಟ್ಟಿಗೆಗೆ ಕೂರಿಸಿದ್ದರು. ಮದುವೆಯಾದಾಗ ಮಗಳ ಜತೆ ದೊರೆಯೂ ಗಂಡನ ಮನೆಗೆ ಹೋದ. ಹೋದ ವರ್ಷ ಮಗಳು ಜ್ವರದಲ್ಲಿ ತೀರಿಕೊಂಡಳು. ಅಳಿಯ ಒಂದು ದಿನ ತಡಮಾಡಿ ಆಸ್ಪತ್ರೆಗೆ ಸೇರಿಸಿದ, ಅದಕ್ಕೇ ಹೀಗಾಯಿತು ಅಂತ ಯಜಮಾನರ ಸಿಟ್ಟು. ಮೂರನೇ ದಿನವೇ ಹೋಗಿ ಪೆಟ್ಟಿಗೆ ಎತ್ತಿಕೊಂಡು ಬಂದರು. ಅಂದಿನಿಂದ ಮಾವ ಅಳಿಯನ ನಡುವೆ ಒಂದು ಮಾತಿಲ್ಲ.

ತಾಯಿಯಿಲ್ಲದ ಆ ಹುಡುಗಿಯನ್ನು ಎತ್ತಿ ಆಡಿಸಿ ಬೆಳೆಸಿದವರು ಅಕ್ಕ. ಜೇಡ ಕಂಡರೆ ಮಾತ್ರ ಮಾರು ದೂರ. ಶನಿವಾರ ಅಡುಗೆಮನೆಗೆ ಜಿರಳೆ ಔಷಧಿ ಹೊಡೆದಿದ್ದರು. ಭಾನುವಾರ ಸಂಜೆಯಿಂದ ದೊರೆ ಬಡಕಲಾದ, ಮೂಲೆಯಿಂದ ಮೂಲೆಗೆ ಅಲೆಯತೊಡಗಿದ. ಅಂದಿನಿಂದಲೇ ಯಜಮಾನರ ಅನುಮಾನ ಅಕ್ಕನ ಮೇಲೆ. ಬುಧವಾರ ಬೆಳಗ್ಗೆ ಸತ್ತಿದ್ದ.

“ಇನ್ನೇನು ಸಾಕ್ಷಿ ಬೇಕು?” ಅಂದರು ಯಜಮಾನರು.

ಅಕ್ಕನಿಗೆ ಹೋಗಲು ಇನ್ನೊಂದು ಮನೆಯಿರಲಿಲ್ಲ. ಆದರೂ ಟ್ರಂಕು ಕಟ್ಟಿದ್ದರು. ಸಂಜೆ ಬಸ್ಸಿಗೆ ಹೊರಡಬೇಕಿತ್ತು.

* * *

ಡಾಕ್ಟರಮ್ಮ ಹಸು, ನಾಯಿ, ಬೆಕ್ಕು ನೋಡುವವರು. ಆದರೆ ಮೃಗಾಲಯದ ಹುಳುಮನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದರು. ಎಂಟು ಕಾಲಿನವರ ಸಂಸಾರವೂ ಗೊತ್ತಿತ್ತು.

ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಏನೋ ಚಂಗನೆ ನೆಗೆಯಿತು.

“ಇದೇನು?”

“ಮಿಡತೆ. ಸೋಮವಾರ ಅವನ ಊಟಕ್ಕೆ ಬಿಟ್ಟಿದ್ದು. ಮುಟ್ಟಲಿಲ್ಲ.”

“ಜೇಡವನ್ನು ಕೊಲ್ಲುವ ವಿಷ ಮಿಡತೆಯನ್ನು ಬಿಡುತ್ತದಾ ಯಜಮಾನರೇ? ಇದು ನೋಡಿ, ಮದುವೆ ಮನೆಗೆ ಬಂದ ಹಾಗೆ ಕುಣೀತಿದೆ.”

ಯಜಮಾನರು ಅಲುಗಲಿಲ್ಲ. ಮತ್ತೆ ಅವನು ಯಾಕೆ ಸತ್ತ, ಅದನ್ನು ಹೇಳಿ ಅಂದರು. ಗಡಿಯಾರ ನೋಡಲು ಅವರು ಕಣ್ಣಿಗೆ ಸಿಕ್ಕಿಸುತ್ತಿದ್ದ ಭೂತಗನ್ನಡಿಯನ್ನೇ ಡಾಕ್ಟರಮ್ಮ ಈಸಿಕೊಂಡು ಸತ್ತ ಜೇಡದ ಮೇಲೆ ಬಗ್ಗಿದರು. ಮುಂಗಾಲುಗಳ ಒಳಬದಿಯಲ್ಲಿ ಒಂದೊಂದು ಪುಟ್ಟ ಕೊಕ್ಕೆ. ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ತೊಟ್ಟಂತೆ ಉಬ್ಬಿದೆ.

“ಇದು ಗಂಡು. ಪ್ರಾಯಕ್ಕೆ ಬಂದು, ಮುಪ್ಪಾಗಿ ಸತ್ತ ಗಂಡು.”

“ಗಂಡಲ್ಲದೆ? ಹೆಣ್ಣಿಗೆ ಯಾರಾದರೂ ದೊರೆ ಅಂತ ಹೆಸರಿಡ್ತಾರಾ?”

ಡಾಕ್ಟರಮ್ಮನಿಗೆ ಅಲ್ಲೇ ಮುಳ್ಳು ಚುಚ್ಚಿದ್ದು. ಈ ಜಾತಿಯಲ್ಲಿ ಗಂಡಿನ ಆಯಸ್ಸು ಐದಾರು ವರ್ಷ. ಹೆಣ್ಣಾದರೆ ಇಪ್ಪತ್ತು ದಾಟುತ್ತದೆ. ಹನ್ನೆರಡು ವರ್ಷದ ಗಂಡು ಎಲ್ಲಿಂದ ಬಂತು?

“ಇದು ಪೊರೆ ಬಿಡ್ತಿತ್ತಲ್ಲ, ಅದನ್ನೆಲ್ಲ ಏನು ಮಾಡಿದಿರಿ?”

ಉತ್ತರ ಅಕ್ಕನಿಂದ ಬಂತು. ಹುಡುಗಿ ಒಂದನ್ನೂ ಬಿಸಾಡಿರಲಿಲ್ಲ, ಅಪ್ಪನ ಅಂಗಡಿಯ ಖಾಲಿ ಗಡಿಯಾರದ ಡಬ್ಬಿಗಳಲ್ಲಿ ತಾರೀಕು ಬರೆದು ಇಟ್ಟಿದ್ದಳು. ಪೆಟ್ಟಿಗೆಯ ಜತೆಗೇ ಅವೂ ವಾಪಸು ಬಂದಿದ್ದವು. ಅಕ್ಕನೇ ಎದ್ದು ಹೋಗಿ ತಂದರು, ಡಬ್ಬಿಗಳನ್ನು ಮೈಯಿಂದ ಒಂದು ಮೊಳ ದೂರ ಹಿಡಿದುಕೊಂಡು.

ಕೊನೆಯ ಡಬ್ಬಿಯ ಪೊರೆಯನ್ನು ಡಾಕ್ಟರಮ್ಮ ಸೋಪಿನ ನೀರಿನಲ್ಲಿ ನೆನೆಸಿಟ್ಟರು. ಅದು ಮೆತ್ತಗಾಗುವವರೆಗೆ ಅಕ್ಕ ಮಾತಾಡುತ್ತ ಕೂತರು. ಭಾನುವಾರ ಅಳಿಯ ಬಂದಿದ್ದನಂತೆ. ಹೆಂಡತಿಯ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು, ವಾಪಸು ಕೊಡಲು. ಅವನನ್ನು ಕಂಡದ್ದೇ ಯಜಮಾನರು ಅಂಗಡಿ ಕೋಣೆ ಸೇರಿ ಬಾಗಿಲು ಹಾಕಿಕೊಂಡರಂತೆ.

“ನಾನೇ ಒಳಗೆ ಹೋಗಿ ನೀರು ತಂದೆ ತಾಯಿ. ಬರೋಷ್ಟರಲ್ಲಿ ಪೆಟ್ಟಿಗೆ ಮುಂದೆ ನಿಂತು ಒಬ್ಬನೇ ‘ಅವಳಿಗೆ ಇಲ್ಲಿ ಥಂಡಿ’ ಅಂತಿದ್ದ. ಸತ್ತವಳಿಗೆ ಎಂಥ ಥಂಡಿ? ಪಾಪ, ಅವನ ತಲೆಯೂ ನೆಟ್ಟಗಿಲ್ಲ.”

ಡಾಕ್ಟರಮ್ಮ ಚಿಮಟದಿಂದ ಪೊರೆಯ ಹೊಟ್ಟೆಯ ಭಾಗ ಬಿಡಿಸಿದರು. ಉಸಿರಾಟದ ನಾಲ್ಕು ಬಿಳಿ ಮಚ್ಚೆಗಳು ಕಂಡವು. ಮುಂದಿನ ಎರಡರ ನಡುವೆ ಒಂದು ಸಣ್ಣ ಚೀಲ, ಅಂಗಿಗೆ ಒಳಗಿನಿಂದ ಹೊಲಿದ ಜೇಬಿನಂತೆ. ಗಂಡಿಗೆ ಅದಿರುವುದಿಲ್ಲ.

ಭೂತಗನ್ನಡಿ ಕೆಳಗಿಟ್ಟು, ಅಳಿಯನ ಅಂಗಡಿ ಎಲ್ಲಿ ಅಂತ ಕೇಳಿದರು.

* * *

ಅಳಿಯನದು ಗಾಜು ಕತ್ತರಿಸುವ ಕೆಲಸ. ಅಂಗಡಿ ಬಸ್ ನಿಲ್ದಾಣದ ದಾರಿಯಲ್ಲೇ ಇತ್ತು. ಹೇಗೂ ಹೊರಟವಳು, ನನ್ನನ್ನೂ ದಾರಿಯಲ್ಲಿ ಇಳಿಸಿಬಿಡಿ ಅಂದರು ಅಕ್ಕ. ಟ್ರಂಕು ಕಾರಿನ ಹಿಂದೆ ಕೂತಿತು. ಯಜಮಾನರು ಮುಂದಿನ ಸೀಟಿನಲ್ಲಿ ಬಿರಡೆಯಂತೆ ಬಿಗಿದು ಕೂತರು.

ಅಂಗಡಿಯಲ್ಲಿ ಅಳಿಯ ಅಳತೆಪಟ್ಟಿ ಒತ್ತಿಹಿಡಿದು ಗಾಜಿನ ಮೇಲೆ ಗೀರೆಳೆಯುತ್ತಿದ್ದ. ಬಾಗಿಲಿಗೆ ಬೆನ್ನು. ಒಳಮೂಲೆಯ ಕಪಾಟಿನಲ್ಲಿ ಏನೋ ಚೌಕಾಕಾರದ್ದು, ಮೇಲೆ ಬಟ್ಟೆ, ಬಟ್ಟೆಯಡಿ ಮಂದ ಬೆಳಕು. ಡಾಕ್ಟರಮ್ಮ ಉಳಿದವರನ್ನು ಹೊಸಿಲಲ್ಲೇ ನಿಲ್ಲಿಸಿದರು. ಹಳೇ ಗಿರಾಕಿಯಂತೆ ಸಲೀಸಾಗಿ ಕೇಳಿದರು:

“ಅವಳಿಗೆ ಇಲ್ಲಿ ಥಂಡಿಯಾಗಲ್ಲವಾ?”

“ಇಲ್ಲ, ದೀಪ ಹಚ್ಚಿಟ್ಟಿದ್ದೀನಲ್ಲ…”

ಗೀರು ಅಡ್ಡ ಹೋಯಿತು. ಗಾಜು ಟಪ್ಪನೆ ಎರಡಾಯಿತು.

ತಿರುಗಿದವನಿಗೆ ಹೊಸಿಲಲ್ಲಿ ಮಾವ ಕಂಡರು.

ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಪೊರೆ ಹೆಣ್ಣಿನದು, ಹೆಣ ಗಂಡಿನದು. ಹೆಣ್ಣು ಗಂಡಾಗುವುದಿಲ್ಲ. ಹಾಗಾದರೆ ಸತ್ತದ್ದು ದೊರೆಯೇ ಅಲ್ಲ. ಯಾರೋ ಅದಲುಬದಲು ಮಾಡಿದ್ದಾರೆ. ಬಂದದ್ದು ಬೇರೆ ಜೇಡ, ಆದ್ದರಿಂದ ಭಾನುವಾರದಿಂದ ಬಡಕಲು ಕಂಡಿತು. ಮುಪ್ಪಿನ ಗಂಡು ಹೆಣ್ಣನ್ನು ಹುಡುಕಿ ಅಲೆಯುತ್ತದೆ, ಊಟ ಬಿಡುತ್ತದೆ. ಮನೆಯಲ್ಲಿ ಎಲ್ಲರೂ ‘ಅವನು’ ಅನ್ನುವಾಗ ಒಬ್ಬನ ಬಾಯಲ್ಲಿ ಮಾತ್ರ ‘ಅವಳು’ ಬಂತು. ಅಕ್ಕ ಅದನ್ನು ಸತ್ತ ಹೆಂಡತಿಯ ಮಾತು ಅಂದುಕೊಂಡರು.

ಅಳಿಯ ಅಲ್ಲಗಳೆಯಲಿಲ್ಲ. ಜೇಡ ಸಾಕುವ ಪರಿಚಯದವರ ಹತ್ತಿರ ಇನ್ನೇನು ಹೋಗಲಿದ್ದ ಮುದಿ ಗಂಡೊಂದನ್ನು ಕೇಳಿ ತಂದಿದ್ದ. ಪುಸ್ತಕದ ಚೀಲದಲ್ಲೇ ಒಯ್ದಿದ್ದ. ಸಹಜವಾಗಿ ಸತ್ತಿತು ಅಂದುಕೊಳ್ಳುತ್ತಾರೆ ಅಂತ ಅವನ ಲೆಕ್ಕ. ಅದು ಅಕ್ಕನ ತಲೆಗೆ ಬರುತ್ತದೆ ಅಂತ ಹೊಳೆದಿರಲಿಲ್ಲ.

“ಹೆಣ್ಣು ಅಂತ ನಿನಗೆ ಯಾರು ಹೇಳಿದರು?” ಮಾವನ ಮೊದಲ ಮಾತು, ವರ್ಷದ ಮೇಲೆ.

“ನಿಮ್ಮ ಮಗಳೇ. ಕೊನೆಯ ಪೊರೆ ಬಿಟ್ಟಾಗ ನೋಡಿದಳು. ಅಪ್ಪನ ಹುಟ್ಟುಹಬ್ಬಕ್ಕೆ ಹೇಳ್ತೀನಿ, ಆ ತಗಡಿನ ಮೇಲೆ ಇನ್ನೆರಡಕ್ಷರ ಕೆತ್ತಿಸ್ತೀನಿ, ದೊರೆಸಾನಿ ಆಗ್ತಾಳೆ ಅಂತ ನಕ್ಕಿದ್ದಳು. ಹುಟ್ಟುಹಬ್ಬದ ಹೊತ್ತಿಗೆ ಅವಳೇ ಇರಲಿಲ್ಲ.”

“ಕೇಳಿದ್ದರೆ ಕೊಡ್ತಿರಲಿಲ್ಲವಾ ನಾನು?”

“ಕೊಡ್ತಿದ್ದಿರಾ?”

ಯಜಮಾನರು ಹೋಗಿ ಬಟ್ಟೆ ಸರಿಸಿದರು. ಒಡೆದ ಮಡಕೆಯ ನೆರಳಿನಿಂದ ಜೇಡ ಒಂದು ಕಾಲು ಚಾಚಿ, ನೀರಿನ ತಟ್ಟೆ ಮುಟ್ಟಿ, ಹಿಂದೆಗೆಯಿತು. ಅವರು ಬಹಳ ಹೊತ್ತು ನೋಡಿದರು. ಬಟ್ಟೆಯನ್ನು ಮೊದಲಿನಂತೆ ಹೊದಿಸಿದರು. ಅದು ಇಲ್ಲೇ ಇರಲಿ ಅನ್ನುತ್ತಿದ್ದಾರೆ ಅಂತ ಅಷ್ಟರಿಂದಲೇ ಎಲ್ಲರಿಗೂ ತಿಳಿಯಿತು.

ಹೊರಗೆ ಅಕ್ಕ ಕಾರಿನಿಂದ ಟ್ರಂಕು ಇಳಿಸಿಕೊಂಡು ಆಗಲೇ ನಿಲ್ದಾಣದ ಕಡೆ ಮುಖ ಮಾಡಿದ್ದರು. ಯಜಮಾನರು ಓಡಿಬಂದರು. ಗೊತ್ತಾಯಿತಲ್ಲ, ತಪ್ಪು ನಿನ್ನದಲ್ಲ, ಬಾ ಮನೆಗೆ ಅಂದರು.

ಅಕ್ಕ ಡಾಕ್ಟರಮ್ಮನ ಮುಖ ನೋಡಿದರು, ತಮ್ಮನದಲ್ಲ.

“ಜೇಡ ಅವನೋ ಅವಳೋ ಅಂತ ಇಷ್ಟು ಹುಡುಕಿದಿರಿ. ಭಾನುವಾರದಿಂದ ನಾನು ‘ಅದು’. ಅದನ್ನ ಯಾರೂ ಪತ್ತೆ ಮಾಡಲಿಲ್ಲ.”

ಯಜಮಾನರು ಬಗ್ಗಿ ಟ್ರಂಕಿನ ಹಿಡಿ ಹಿಡಿದರು. ಅಕ್ಕನೂ ಕೈ ಬಿಡಲಿಲ್ಲ. ಇಬ್ಬರೂ ಒಂದೊಂದು ಕಡೆಗೆ ಎಳೆದರು. ತುಕ್ಕು ತಿಂದ ಹಿಡಿ ಕಿತ್ತು ತಮ್ಮನ ಕೈಗೆ ಬಂತು.

ಅವರು ಅದನ್ನು ತಿರುಗಿಸಿ ನೋಡಿದರು, ಸಡಿಲಾದ ಮೊಳೆಯನ್ನು ಹೆಬ್ಬೆರಳಿಂದ ಒತ್ತಿದರು, ಅಂಗಿಯ ಎಡಜೇಬಿಗೆ ಹಾಕಿಕೊಂಡರು. ರಿಪೇರಿಗೆ ಬಂದದ್ದನ್ನೆಲ್ಲ ಅವರು ಇಡುತ್ತಿದ್ದದ್ದು ಅದೇ ಜೇಬಿನಲ್ಲಿ.