ರಕ್ತನಿಧಿಯ ಪಕ್ಕದ ಕೋಣೆ

ಮಂಗಳವಾರ ಬೆಳಿಗ್ಗೆ ಸ್ಫಾಕ್ಸ್ ನಗರದ ಬಂದರು ಠಾಣೆಗೆ ಮೀನುಗಾರ ಮುಖ್ತಾರ್ ಬಂದು ದೂರು ಕೊಟ್ಟ. ರಕ್ತದ ಕಾಯಿಲೆಯಿದ್ದ ಹೆಂಡತಿ ಸಾಲ್ಹಾಗೆ ಖಾಸಗಿ ಆಸ್ಪತ್ರೆಯಲ್ಲಿ ಶನಿವಾರ ಪ್ಲೇಟ್‌ಲೆಟ್ ಏರಿಸಿದ್ದರು. ಚೀಲದ ಅವಧಿ ಮುಗಿದಿತ್ತು. ನಂಜೇರಿ ಸೋಮವಾರ ತೀರಿಕೊಂಡಳು.

ಇನ್ಸ್‌ಪೆಕ್ಟರ್ ಲಸ್ಸಾದ್ ಗರ್ಗೂರಿ ಎಫ್‌ಐಆರ್ ದಾಖಲಿಸಿದರು.

"ಚೀಲ ಹಾಕಿದ್ಯಾರು?"

"ನರ್ಸಮ್ಮ. ಅವಳನ್ನ ಬೈಬೇಡಿ ಸಾಹೇಬ್ರೇ. ಕಂಪ್ಯೂಟರ್ ಪರದೇಲಿ ಚೀಲ ಸರಿಯಿದೆ ಅಂತ ಹಸಿರು ಬಂತು ಅಂತ ಅಳ್ತಾ ಇದ್ಲು."

ರಕ್ತನಿಧಿಯಲ್ಲಿ ಕಾನ್‌ಸ್ಟೆಬಲ್ ಹಾಜರ್ ಪಂಚನಾಮೆ ಬರೆದಳು. ಚೀಲದ ಮೇಲಿನ ತಾರೀಖು ಒದ್ದೆ ಕೈ ತಾಗಿ ಅಳಿಸಿತ್ತು. ನರ್ಸ್ ಕಂಪ್ಯೂಟರನ್ನು ನಂಬಿದ್ದಳು.

ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವನು ನಿಜಾರ್ ಕಮ್ಮೂನ್.

"ಅವಧಿ ಮುಗಿದ ಚೀಲಾನ ಪರದೇಲಿ ಕೆಂಪು ಮಾಡೋದು ಡೇಟಾಬೇಸೇನಾ?" ಎಂದರು ಗರ್ಗೂರಿ.

"ಅಲ್ಲ. ಪಕ್ಕದ ಕೋಣೇಲಿ ಹಳೇ ಯಂತ್ರ ಇದೆ. ಅದರಲ್ಲಿರೋ ಪ್ರೋಗ್ರಾಂ ದಿನಾ ಬೆಳಿಗ್ಗೆ ಹೊರಗಿಂದ ಬಂದು ಕೆಂಪು ಮಾಡಿ ಹೋಗುತ್ತೆ."

"ಬರದಿದ್ರೆ?"

"ಬರಲಿಲ್ಲ ಅಂತ ಡೇಟಾಬೇಸ್‌ಗೆ ಗೊತ್ತೇ ಆಗಲ್ಲ. ಕೆಲಸ ಒಳಗೇ ಇದ್ರೆ ಹೊತ್ತಿಗೆ ಸರಿಯಾಗಿ ತಾನೇ ಮಾಡ್ಕೊಳ್ಳುತ್ತೆ, ತಪ್ಪಿದ್ರೆ ಎಚ್ಚರಿಕೆ ಕೊಡೋ ಹಾಗೂ ಮಾಡಬಹುದು. ಎಷ್ಟು ಸಲ ಹೇಳಿದೀನಿ."

ನಿರ್ದೇಶಕಿ ಡಾಕ್ಟರ್ ಸುಆದ್ ಬೇರೆ ಮಾತು ಹೇಳಿದರು.

"ಎಲ್ಲಾನೂ ಒಂದೇ ಕಡೆ ತುಂಬಿ, ಅದೇ ಬಿದ್ರೆ? ಹೊರಗಿದ್ರೆ ಯಾರು ಬೇಕಾದ್ರೂ ರಿಪೇರಿ ಮಾಡಬಹುದು. ಇವನದು ಊಟಕ್ಕೆ ಕೂತ್ರೂ ಅದೇ ರಾಗ. 'ಒಳಗಿನ ನಿಜಾರ್' ಅಂತಾನೇ ಕರೀತಿದ್ವಿ."

ಹಳೆಯ ಯಂತ್ರ ಕೆಟ್ಟಿರಲಿಲ್ಲ. ಶುಕ್ರವಾರ ಯಾರೋ ಆ ಪ್ರೋಗ್ರಾಂ ನಿಲ್ಲಿಸಿದ್ದರು. ಅಂದು ಆ ಕೋಣೆಯ ಬೀಗ ತೆರೆದದ್ದು ನಿಜಾರ್‌ನ ಕಾರ್ಡಿಗೆ ಮಾತ್ರ. ಸಂಜೆ ಅವನನ್ನು ಠಾಣೆಗೆ ಕರೆಸಿದರು.

"ಶುಕ್ರವಾರ ಅಲ್ಲಿಗೆ ಯಾಕೆ ಹೋಗಿದ್ದೆ?"

"ನಿಲ್ಲಿಸೋಕೆ."

ಹಾಜರ್ ಬರೆಯುವುದನ್ನು ಬಿಟ್ಟು ತಲೆಯೆತ್ತಿದಳು.

"ಒಂದು ಬೆಳಿಗ್ಗೆ ಸಾಕು ಅನ್ಕೊಂಡಿದ್ದೆ," ಎಂದ ನಿಜಾರ್. "ಇವತ್ತು ಒಂದೂ ಕೆಂಪು ಬಂದಿಲ್ವಲ್ಲ ಅಂತ ಯಾರಾದ್ರೂ ಫೋನ್ ಮಾಡ್ತಾರೆ, ಆಗ ಹೊರಗಿಟ್ರೆ ಹೀಗಾಗುತ್ತೆ ನೋಡಿ ಅಂತ ತೋರಿಸೋಣ ಅಂತ. ಯಾರೂ ಮಾಡ್ಲಿಲ್ಲ."

"ನೀನೇ ಮತ್ತೆ ಶುರು ಮಾಡಬಹುದಿತ್ತು."

"ಮಾಡಬಹುದಿತ್ತು. ಫೋನ್ ನೋಡ್ತಾ ಕೂತಿದ್ದೆ."

ಅವನನ್ನು ಬಂಧಿಸಿದರು. ಅವನು ವಕೀಲರನ್ನೂ ಕೇಳಲಿಲ್ಲ. ಯಾರ ಮೇಲೂ ಅವನಿಗೆ ಹಗೆಯಿರಲಿಲ್ಲ. ಸಾಲ್ಹಾ ಎಂಬ ಹೆಸರನ್ನು ಕೇಳಿದ್ದು ಆ ದಿನವೇ. ತನ್ನ ಮಾತು ಸರಿ ಎಂದು ಒಬ್ಬರಾದರೂ ಒಪ್ಪಲಿ ಎಂಬುದಷ್ಟೇ ಅವನಿಗೆ ಬೇಕಿತ್ತು.

ಆಸ್ಪತ್ರೆ ಅದೇ ವಾರ ಆ ಕೆಲಸವನ್ನು ಡೇಟಾಬೇಸಿನೊಳಗೇ ಇಡಿಸಿತು. ಹೊಸದಾಗಿ ಬಂದ ಎಂಜಿನಿಯರ್ ಕಾಫಿ ಆರುವುದರೊಳಗೆ ಮುಗಿಸಿದ.

ಸಾಲ್ಹಾಳ ಬಟ್ಟೆಗಂಟು ಒಯ್ಯಲು ಠಾಣೆಗೆ ಬಂದ ಮುಖ್ತಾರ್‌ಗೆ ಗರ್ಗೂರಿ ಎಲ್ಲವನ್ನೂ ಹೇಳಿದರು. ಅವನು ಗಂಟನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿದ.

"ಅವನು ಹೇಳ್ತಿದ್ದಿದ್ದು ಸರೀನಾ?"

"ಸರಿ."

ಮುಖ್ತಾರ್ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಂದರಿನ ಕಡೆ ನಡೆದ.