ಪೃಥ್ವಿರಾಜ್ ತಂದ ತಪ್ಪು

ಖಡಕಿಯ ಕ್ವಾರ್ಟರ್ಸಿನಲ್ಲಿ ಬಾಗಿಲು ತೆರೆದ ಹುಡುಗಿಯನ್ನು ಪೃಥ್ವಿರಾಜ್ ಕೇಳಿದ, "ಕಮತಗಿ ಸರ್ ಇದ್ದಾರಾ? ಯುಎಸ್‌ಬಿ ಡ್ರೈವರ್ ಬರೆದವರು."

"ನೀವು ಸರ್, ಸರ್ ಅಂತ ಒಂಬತ್ತು ಮೇಲ್ ಬರದದ್ದು ನನಗ ರೀ," ಎಂದಳು ಅವಳು, ನಗು ತಡೆಯುತ್ತ. "ನಾನು ರೇಣು ಕಮತಗಿ. ಒಳಗ ಬರ್ರಿ."

ಅದು 2002. ಅವನ ಲ್ಯಾಪ್‌ಟಾಪಿನ ನೆಟ್‌ವರ್ಕ್ ಪೋರ್ಟ್ ಕೆಟ್ಟಿತ್ತು. ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ಯುಎಸ್‌ಬಿ ಕೇಬಲ್ ಕೊಂಡರೆ, ಲ್ಯಾಪ್‌ಟಾಪ್ ನಡೆಸುವ ಲಿನಕ್ಸ್ ವ್ಯವಸ್ಥೆ ಅದನ್ನು ಗುರುತಿಸಲೇ ಇಲ್ಲ. ಹುಡುಕಿದಾಗ ಸಿಕ್ಕಿದ್ದು, ಆರ್. ಕಮತಗಿ ಎಂಬವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದ, ಇಂಥ ಕೇಬಲ್ಲುಗಳನ್ನು ಲಿನಕ್ಸಿಗೆ ಗುರುತು ಹಿಡಿಸುವ ಈ ಡ್ರೈವರ್ ಪ್ರೋಗ್ರಾಂ. ಅದೂ ಅವನ ಕೇಬಲ್ಲಿಗೆ ಒಗ್ಗದೆ, ಬರೆದವರನ್ನೇ ಹುಡುಕಿಕೊಂಡು ಬಂದಿದ್ದ.

ರೇಣು ಕೆಳತುಟಿ ಕಚ್ಚಿಕೊಂಡು ಎರಡು ಸಾಲು ತಿದ್ದಿದಳು. ಒಂದು ಕಂಪ್ಯೂಟರ್ ಕೇಳಿದ್ದಕ್ಕೆ ಇನ್ನೊಂದರ ಉತ್ತರ ಪರದೆಯ ಮೇಲೆ ಸಾಲುಸಾಲಾಗಿ ಇಳಿಯಿತು. ಅವನು ನೋಡುತ್ತಿದ್ದದ್ದು ಅವಳ ಮುಖವನ್ನು. ಹಿಂಜವಾಡಿಯ ತನ್ನ ಸಾಫ್ಟ್‌ವೇರ್ ಆಫೀಸಿನಲ್ಲಿ ಇಷ್ಟು ಚೊಕ್ಕ ಕೋಡನ್ನು ಅವನು ಕಂಡಿರಲಿಲ್ಲ. ಕೋಡ್ ಸರಿಯಾದಾಗ ಹೀಗೆ ಬೆಳಗುವ ಕಣ್ಣುಗಳನ್ನೂ.

ಮುಂದಿನ ಎರಡು ಭಾನುವಾರ ಹೊಸ ಹೊಸ ಕೇಬಲ್ ಹಿಡಿದು ಹೋದ. ಎಲ್ಲವೂ ಸಲೀಸಾಗಿ ನಡೆದವು. ನಾಲ್ಕನೆಯ ಸಲ ಹೋಗಲು ನೆಪ ಸಿಗದೆ, ತನ್ನ ಲ್ಯಾಪ್‌ಟಾಪಿನ ಡ್ರೈವರ್ ಪ್ರತಿಯಲ್ಲಿ ಒಂದು ಸಾಲು ಅಳಿಸಿ, "ಹತ್ತು ನಿಮಿಷಕ್ಕೊಮ್ಮೆ ಸಂಪರ್ಕ ತಪ್ಪುತ್ತದೆ" ಎಂದು ತೋರಿಸಿ ಬಂದ.

ಐದನೆಯ ಭಾನುವಾರ ಅವಳ ಕಣ್ಣುಗಳು ಕೆಂಪಾಗಿದ್ದವು. "ವಾರ ಪೂರ್ತಿ ಹುಡುಕೀನ್ರಿ. ಸಿಗಲಿಲ್ಲ. ಲಿನಕ್ಸಿನ ತಿರುಳು, ಆ ಕರ್ನಲ್‌ಗೆ ಈ ಡ್ರೈವರ್ ಸೇರಿಸೋರಿದ್ರು. ಸೇರಿಸಬ್ಯಾಡ್ರಿ ಅಂತ ಅವರಿಗೆ ಬರದುಬಿಟ್ಟೆ."

ಅವನು ತನ್ನ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. "ತಪ್ಪು ನಿಮ್ಮದಲ್ಲ. ನಾನೇ ಒಂದು ಸಾಲು ಅಳಿಸಿದ್ದು."

"ಯಾಕ?"

"ನಿಮ್ಮನ್ನು ನೋಡ್ಲಿಕ್ಕೆ ಒಂದು ಕಾರಣ ಬೇಕಿತ್ತು."

ಅವಳು ಎದ್ದು ನಿಂತಳು. "ಒಂದು ವರ್ಷದ ಕೆಲಸ ಅದು. ನೀವಿನ್ನ ನಡೀರಿ."

ಅಂದು ಸಂಜೆಯೇ ಅವನು ಕರ್ನಲ್ ನೋಡಿಕೊಳ್ಳುವವರ ಮೇಲಿಂಗ್ ಲಿಸ್ಟಿಗೆ ತನ್ನ ಹೆಸರು ಹಾಕಿ ಬರೆದ: ಡ್ರೈವರಿನಲ್ಲಿ ದೋಷವಿಲ್ಲ, ಬೇಕೆಂದೇ ಕೆಡಿಸಿದವನು ನಾನು, ನಾನು ಓದಿದ ಕೋಡುಗಳಲ್ಲಿ ಇದೇ ಶ್ರೇಷ್ಠ. ಲೋಕದ ಎಂಜಿನಿಯರುಗಳೆಲ್ಲ ಅದನ್ನು ಓದಿದರು. ಕೆಲವರು ಛೀಮಾರಿ ಹಾಕಿದರು, ಆಫೀಸಿನವರು ನಕ್ಕರು. ಒಂಬತ್ತು ದಿನ ಎಡೆಬಿಡದೆ ಡ್ರೈವರ್ ಓಡಿಸಿ, ಫಲಿತಾಂಶವನ್ನೂ ಕಳಿಸಿದ. ಅವಳಿಂದ ಮಾತ್ರ ಒಂದಕ್ಷರವೂ ಬರಲಿಲ್ಲ.

ಮೂರನೆಯ ವಾರದ ಒಂದು ಮಧ್ಯಾಹ್ನ ಅವನ ಮೇಜಿನ ಫೋನ್ ಹೊಡೆದುಕೊಂಡಿತು.

"ಡ್ರೈವರ್ ಕರ್ನಲ್‌ಗೆ ತಗೊಂಡ್ರು," ಎಂದಿತು ರೇಣುವಿನ ದನಿ.

"ಲಿಸ್ಟಿನಲ್ಲಿ ಈಗಷ್ಟೇ ಓದಿದೆ. ತುಂಬಾ ಖುಷಿಯಾಯ್ತು." ಅವನ ಸ್ವರ ತಗ್ಗಿತು. "ರೇಣು, ನನ್ನನ್ನು ಕ್ಷಮಿಸಿ."

"ಸಿಟ್ಟು ಇನ್ನೂ ಅದ ರೀ."

"ಇರಲಿ. ನನ್ನ ಪ್ರೀತಿಯೂ ಹಾಗೇ, ಇನ್ನೂ ಉಂಟು."

ಅವನು ರಿಸೀವರನ್ನು ಕಿವಿಗೆ ಒತ್ತಿ ಹಿಡಿದ.

"ಎಲ್ಲಾರ ಮುಂದ ಹಂಗ ತಪ್ಪು ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ," ಎಂದಳು ಅವಳು, ಮೆಲ್ಲಗೆ. "ರವಿವಾರ ಬರ್ರಿ. ಏನೂ ಕೆಡಿಸ್ಕೊಂಡು ಬರಬ್ಯಾಡ್ರಿ. ಸುಮ್ಮನ ಬರ್ರಿ."